ಗುರುಪಾದನ ನಾಡಿ

ಲಾರಿ ಚಾಲಕನಿಗೆ ದಣಿವಾಗಿದೆಯೋ ಇಲ್ಲವೋ ಎಂದು ತಿಳಿಯಲು ಚಾಲಕನನ್ನು ಕೇಳುವ ಅಗತ್ಯವಿಲ್ಲ ಎಂದು ತಜ್ಞರ ಸಮಿತಿಯೊಂದು ವರದಿ ಕೊಟ್ಟಿತು. ಸಮಿತಿಯಲ್ಲಿ ಹನ್ನೊಂದು ಜನರಿದ್ದರು. ಲಾರಿ ಓಡಿಸಿದವರು ಯಾರೂ ಇಲ್ಲದಿದ್ದುದರಿಂದ ವರದಿ ಸರ್ವಾನುಮತದ್ದಾಗಿತ್ತು. ಎರಡು ವರ್ಷದೊಳಗೆ ಹತ್ತು ಗಾಲಿ ಮೇಲ್ಪಟ್ಟ ಪ್ರತಿ ಲಾರಿಯ ಡ್ಯಾಶ್‌ಬೋರ್ಡಿನಲ್ಲೂ ಊಟದ ಡಬ್ಬಿಯಷ್ಟು ದೊಡ್ಡ ಕಪ್ಪು ಪೆಟ್ಟಿಗೆಯೊಂದು ಬಂದು ಕೂತಿತು. ಕಾಗದದ ಮೇಲೆ ಅದರ ಹೆಸರು ‘ಚಾಲಕ ಆಯಾಸ ನಿಗಾ ಘಟಕ’. ಹುಬ್ಬಳ್ಳಿಯ ಚಾಲಕರು ಅದನ್ನು ‘ಅತ್ತಿ’, ಅಂದರೆ ಅತ್ತೆ, ಎಂದು ಕರೆದರು. ಸದಾ ನೋಡುತ್ತಿರುತ್ತಾಳೆ, ಕೂತಲ್ಲಿಂದಲೇ ಒದರುತ್ತಾಳೆ, ತಾನು ಮಾತ್ರ ಕಡ್ಡಿ ಎತ್ತಿ ಆಚೆ ಇಡುವುದಿಲ್ಲ ಎಂಬುದು ಅವರ ವಿವರಣೆ.

ಯಂತ್ರದ ತತ್ವ ಸರಳ. ಸ್ಟೇರಿಂಗ್ ಸುತ್ತ ಎರಡು ತೆಳು ಲೋಹದ ಪಟ್ಟಿಗಳಿರುತ್ತವೆ. ಅವುಗಳ ಮೇಲೆ ಕೈಯಿಟ್ಟರೆ ನಾಡಿ ಸಿಗುತ್ತದೆ. ಸುಸ್ತಾಗದ ಮನುಷ್ಯನ ಎದೆಬಡಿತದಲ್ಲಿ ಒಂದಿಷ್ಟು ಏರುಪೇರು ಇರುತ್ತದಂತೆ, ಒಂದು ಬಡಿತ ಚೂರು ಬೇಗ, ಇನ್ನೊಂದು ಚೂರು ತಡ. ದಣಿದವನದು ಗಡಿಯಾರದ ಹಾಗೆ ಒಂದೇ ಸಮ. ಪೆಟ್ಟಿಗೆ ಇದನ್ನು ಅಳೆದು ಸೊನ್ನೆಯಿಂದ ನೂರರೊಳಗೆ ಒಂದು ಅಂಕ ಕೊಡುತ್ತದೆ. ಎಪ್ಪತ್ತು ದಾಟಿದರೆ ಲಾರಿ ತಾನಾಗಿ ನಿಧಾನವಾಗಿ, ನಿಂತು, ನಾಲ್ಕು ಗಂಟೆ ಅಲುಗುವುದಿಲ್ಲ. ಮೂರು ಸಲ ಹೀಗೆ ನಿಂತರೆ ಚಾಲಕನ ಹೆಸರು ಅನರ್ಹರ ಪಟ್ಟಿಗೆ ಹೋಗುತ್ತದೆ, ಮತ್ತೆ ಯಾವ ಲಾರಿಯ ಸ್ಟೇರಿಂಗೂ ಅವನಿಗಿಲ್ಲ.

ಮನುಷ್ಯನಿಗೆ ವಿಶ್ರಾಂತಿ ಕೊಡಿಸುವ ಯಂತ್ರಕ್ಕೆ ಯಾರೂ ವಿರೋಧ ಹೇಳುವಂತಿರಲಿಲ್ಲ. ಆದರೆ ಸಾಮಾನು ಬಂದರು ಮುಟ್ಟಬೇಕಾದ ಹೊತ್ತು ಮೊದಲಿನದೇ ಉಳಿಯಿತು. ದಾರಿಯಲ್ಲಿ ಬಿಸಿಲಿನಲ್ಲಿ ನಿಂತ ನಾಲ್ಕು ಗಂಟೆಯನ್ನು ಲಾರಿ ಕಂಪನಿಗಳು ಚಾಲಕನ ಮನೆಯ ನಿದ್ದೆಯಿಂದ ಮುರಿದುಕೊಂಡವು. ಹೀಗೆ ನಿದ್ದೆಗೆಟ್ಟವನು ಮುಂದಿನ ಸಲ ಇನ್ನೂ ಬೇಗ ದಣಿದ, ಯಂತ್ರ ಇನ್ನೂ ಬೇಗ ನಿಲ್ಲಿಸಿತು.

ದಾವಲಸಾಬ ನದಾಫನ ಲಾರಿ ಆಗಲೇ ಎರಡು ಸಲ ನಿಂತಿತ್ತು. ವಯಸ್ಸು ಐವತ್ಮೂರು, ಇಪ್ಪತ್ತೊಂಬತ್ತು ವರ್ಷದಿಂದ ಹುಬ್ಬಳ್ಳಿ–ಕಾರವಾರದ ದಾರಿ. ಒಂದು ನಾಯಿಗೂ ಗಾಡಿ ತಾಗಿಸಿದವನಲ್ಲ. ಇನ್ನೊಂದು ಸಲ ನಿಂತರೆ ಅವನು ಚಾಲಕನೇ ಅಲ್ಲ. ಆ ಹೆದರಿಕೆಯಲ್ಲಿ ಅವನು ಗಬ್ಬೂರು ಬೈಪಾಸಿನ ಪಕ್ಕ ತಗಡಿನ ಶೆಡ್ಡು ಹಾಕಿಕೊಂಡಿದ್ದ ಆಟೋ ಎಲೆಕ್ಟ್ರಿಷಿಯನ್ ಫಕ್ಕೀರಪ್ಪ ಕಮ್ಮಾರನ ಬಳಿ ಹೋದ.

“ಏನರ ಮಾಡೋ ತಮ್ಮಾ. ಇನ್ನೊಂದ ಸಲ ಇಕಿ ಒದರಿದಳಂದ್ರ ನನ್ನ ಗಾಡಿ ಹೊಡಿಯೂದು ಮುಗೀತು. ತಗದ್ ಒಗದ್ ಬಿಡು.”

“ತಗಿಯಾಕ ಬರೂದಿಲ್ಲ ಚಾಚಾ. ತಗದ್ರ ಧಾರವಾಡದಾಗ ಆಫೀಸಿನಾವ್ರಿಗೆ ಗೊತ್ತಾಕ್ಕೈತಿ. ಇಕಿಗೆ ಸುಳ್ಳ ಹೇಳಬೇಕು, ಅಷ್ಟ.”

“ಮಷೀನಿಗೆ ಸುಳ್ಳ ಹ್ಯಾಂಗ ಹೇಳ್ತಿ?”

“ನೀವು ಚಾಚಿಗೆ ಹ್ಯಾಂಗ ಹೇಳ್ತೀರಿ?”

“ಅಕಿ ನಂಬೂದಿಲ್ಲಲೇ.”

“ಇಕಿ ನಂಬ್ತಾಳ. ಬಾಳ ಓದಿದ ಮಷೀನು.”

ಫಕ್ಕೀರಪ್ಪನ ಯೋಚನೆ ಹೀಗಿತ್ತು. ಸ್ಟೇರಿಂಗಿನಿಂದ ಪೆಟ್ಟಿಗೆಗೆ ಹೋಗುವ ವೈರು ಡ್ಯಾಶ್‌ಬೋರ್ಡಿನ ಹಿಂದೆ ಒಂದು ಗೇಣು ದೂರ ಬರಿದಾಗಿ ಹಾಯುತ್ತದೆ. ಅಲ್ಲಿ ಬೆಂಕಿಪೊಟ್ಟಣದಷ್ಟು ಅಗಲದ ಬೋರ್ಡೊಂದನ್ನು ಸೇರಿಸಿ, ಚಾಲಕನ ನಾಡಿಯ ಬದಲು ಮೊದಲೇ ತುಂಬಿಸಿಟ್ಟ ಇನ್ನೊಬ್ಬರ ನಾಡಿಯನ್ನು ಕಳಿಸಿದರಾಯಿತು. ಬೋರ್ಡು ಕಷ್ಟವಾಗಲಿಲ್ಲ. ಚೀನಾದ ಆಟಿಕೆಯೊಂದರ ಚಿಪ್ಪಿನಿಂದ ಎರಡು ದಿನದಲ್ಲಿ ತಯಾರಾಯಿತು. ತೊಂದರೆ ಬಂದದ್ದು ನಾಡಿಯದು. ಫಕ್ಕೀರಪ್ಪ ತನ್ನದನ್ನೇ ತುಂಬಿಸಿ, ಶೆಡ್ಡಿನಲ್ಲಿದ್ದ ಹಳೆಯ ಪೆಟ್ಟಿಗೆಯೊಂದಕ್ಕೆ ಜೋಡಿಸಿ ನೋಡಿದ, ಅಂಕ ಎಂಬತ್ತೆರಡು. ಅವನ ಹೆಂಡತಿ ನೀಲವ್ವನದು ಎಂಬತ್ತೊಂಬತ್ತು. ಪಕ್ಕದ ಪಂಕ್ಚರ್ ಅಂಗಡಿಯವನದು, ಚಹಾದಂಗಡಿಯವನದು, ಎದುರಿನ ಶಾಲೆಯ ಮಾಸ್ತರರದು, ಎಲ್ಲವೂ ಎಪ್ಪತ್ತರ ಮೇಲೆ. ಇಡೀ ಬೈಪಾಸಿನಲ್ಲಿ ಸುಸ್ತಾಗದ ಮನುಷ್ಯ ಒಬ್ಬನೂ ಸಿಗಲಿಲ್ಲ. ಆ ದಿನ ಯಾರಾದರೂ ಇದನ್ನು ಬರೆದಿಟ್ಟುಕೊಂಡಿದ್ದರೆ ಸಮಿತಿಯದಕ್ಕಿಂತ ಒಳ್ಳೆಯ ವರದಿಯಾಗುತ್ತಿತ್ತು.

ಕಡೆಗೆ ನೀಲವ್ವನೇ ನೆನಪಿಸಿದಳು. “ನಮ್ಮ ಗುರುಪಾದ ಅದಾನಲ್ರೀ.”

ಗುರುಪಾದ ಅವಳ ತಮ್ಮ. ಒಂದು ವಾರಕ್ಕೆಂದು ಅಕ್ಕನ ಮನೆಗೆ ಬಂದು ಮೂರು ವರ್ಷವಾಗಿತ್ತು. ಇಪ್ಪತ್ತೇಳು ವಯಸ್ಸಿನವರೆಗೆ ಯಾವ ಪರೀಕ್ಷೆಗೂ ಕೂರದೆ ಯಾವುದರಲ್ಲೂ ಸೋಲದೆ ಬಂದವನು. ಫಕ್ಕೀರಪ್ಪ ಗುಜರಿಯಿಂದ ತಂದ ಸ್ಟೇರಿಂಗೊಂದನ್ನು ಸ್ಟೂಲಿನ ಮೇಲೆ ಕಟ್ಟಿ ಅವನನ್ನು ಎದುರಿಗೆ ಕೂರಿಸಿದ.

“ಮಾವಾ, ನಾ ಏನ ಮಾಡಬೇಕು?”

“ಕೈ ಇಟ್ಟ ಕೂಡು. ಮೂರು ತಾಸು ಏನೂ ಮಾಡಬ್ಯಾಡ.”

“ಅದೊಂದು ನನಗ ಬರತೈತಿ.”

ಮೂರು ಗಂಟೆಯಲ್ಲಿ ಅವನು ಎರಡು ಸಲ ಸೀನಿದ್ದು ಬಿಟ್ಟರೆ ಬೇರೇನೂ ನಡೆಯಲಿಲ್ಲ. ಅಂಕ ಒಂಬತ್ತರಿಂದ ಹನ್ನೊಂದು. ಅಂಥ ನಾಡಿಯನ್ನು ಫಕ್ಕೀರಪ್ಪ ನೋಡಿರಲಿಲ್ಲ. ಸೀನಿದಾಗ ನಾಡಿ ಜಿಗಿದದ್ದನ್ನು ತೆಗೆದುಹಾಕಲು ಹೋಗಿ ಉಳಿದದ್ದು ಕೆಟ್ಟೀತೆಂದು ಹಾಗೆಯೇ ಬಿಟ್ಟ.

ಮರುದಿನ ಬೆಳಿಗ್ಗೆ ದಾವಲಸಾಬನ ಲಾರಿಯ ಡ್ಯಾಶ್‌ಬೋರ್ಡು ಬಿಚ್ಚಿದರು. ರೇಡಿಯೋ ಪಕ್ಕದ ಪಟ್ಟಿಯ ಒಳಗೆ ಸ್ಕ್ರೂಡ್ರೈವರ್ ತೂರಿಸಿ ಮೀಟಿದಾಗ ಪ್ಲಾಸ್ಟಿಕ್ಕಿನ ಕ್ಲಿಪ್ಪುಗಳು ಒಂದೊಂದಾಗಿ ಟಕ್ ಎಂದವು. ಪ್ರತಿ ಟಕ್ಕಿಗೂ ದಾವಲಸಾಬ “ಮೆಲ್ಲಕ, ಮೆಲ್ಲಕ” ಎನ್ನುತ್ತಿದ್ದ. ಒಳಗೆ ಜಡೆಯ ಹಾಗೆ ಹೆಣೆದ ವೈರುಗಳು, ಅವುಗಳ ನಡುವೆ ಬಿಳಿ ಮತ್ತು ಬೂದು ಬಣ್ಣದ ಎರಡು. ಫಕ್ಕೀರಪ್ಪ ಆ ಎರಡನ್ನು ಕತ್ತರಿಸಿ, ಬೋರ್ಡಿಗೆ ಬೆಸುಗೆ ಹಾಕಿ, ಕಪ್ಪು ಟೇಪು ಸುತ್ತಿ, ಲಾರಿ ಅದುರಿದಾಗ ಸದ್ದಾಗದಂತೆ ಹಳೆಯ ಬನಿಯನ್ನಿನ ತುಂಡು ತುರುಕಿದ. ಸ್ಟೇರಿಂಗಿನ ಕೆಳಗೆ ಮೊಣಕಾಲಿಗೆ ತಾಗುವಲ್ಲಿ ಸಣ್ಣದೊಂದು ಸ್ವಿಚ್ಚು ಕೂರಿಸಿದ.

“ಗಾಡಿ ನಿಲ್ಲಿಸಿ ಇಳಿಯೂಮುಂದ ಇದನ್ನ ಆಫ್ ಮಾಡೂದು ಮರೀಬ್ಯಾಡ್ರಿ. ಚಾವಿ ಆನ್ ಇದ್ದು ನೀವು ಸೀಟಿನ್ಯಾಗ ಇಲ್ಲಂದ್ರೂ ನಾಡಿ ಹೊಕ್ಕೊಂತ ಇರತೈತಿ.”

ಆರು ತಿಂಗಳಲ್ಲಿ ಬೋರ್ಡು ನಾನೂರ ಹನ್ನೆರಡು ಲಾರಿಗಳಲ್ಲಿ ಕೂತಿತು. ದಾವಲಸಾಬ ಮನೆಗೆ ಬೇಗ ಬರತೊಡಗಿದ. ಹೆಂಡತಿ ಮಾಬುಬಿ ಅವನ ಮುಖ ನೋಡಿ, “ಯಾರದರ ಜೀವ ಹಾಕ್ಕೊಂಡ ಬಂದಂಗ ಕಾಣ್ತೀರಿ” ಎಂದಳು. ಅವನು ನಕ್ಕ, ಹೇಳಲಿಲ್ಲ. ಎರಡು ದಿನಕ್ಕೆ ಅವಳೇ ಹೇಳಿಸಿದಳು.

ಖಂಡೆ ಪೂಜೆ ಬಂತು. ನವಮಿಯ ದಿನ ಚಾಲಕರು ಜಾತಿ ಮತ ನೋಡದೆ ಲಾರಿ ತೊಳೆದು, ಚೆಂಡುಹೂವಿನ ಮಾಲೆ ಬಿಟ್ಟು, ಬಾಳೆಗಿಡ ಕಟ್ಟಿ, ಕುಂಬಳಕಾಯಿ ಒಡೆಯುತ್ತಾರೆ. ಪೂಜೆಗೆ ಕೂತ ಆಯುಧವನ್ನು ಮರುದಿನ ಬನ್ನಿ ಕೊಡುವ ಹೊತ್ತಿನವರೆಗೆ ಯಾರೂ ಮುಟ್ಟುವುದಿಲ್ಲ. ಸ್ಪ್ಯಾನರಿಗೂ ಅಂದು ರಜೆ. ಹಾಡು ಮತ್ತು ಬಣ್ಣದ ದೀಪಕ್ಕೆಂದು ಎಲ್ಲ ಲಾರಿಗಳ ಚಾವಿ ಆನ್ ಇಟ್ಟಿದ್ದರು. ಹಿರಿಯ ಚಾಲಕನೊಬ್ಬ ಸ್ಟೇರಿಂಗಿಗೆ ವಿಭೂತಿ ಬಳಿದು, ಅನ್ನ ಹಾಕುವ ಸಾಮಾನು ಎಂಬ ಭಕ್ತಿಯಿಂದ ಕೆಳಗಿನ ಗುಟ್ಟಿನ ಸ್ವಿಚ್ಚಿಗೂ ಕುಂಕುಮ ಹಚ್ಚಿದ. ಕರ್ಪೂರ ಬೆಳಗಿ ಎಲ್ಲ ಮುಗಿದ ಮೇಲೆ ದಾವಲಸಾಬನಿಗೆ ಹೊಳೆಯಿತು.

“ಏ, ಸ್ವಿಚ್ ಆಫ್ ಮಾಡಿಲ್ಲಲೋ.”

“ಪೂಜಿ ಆಗೇತಿ. ಈಗ ಹ್ಯಾಂಗ ಮುಟ್ಟೂದು?” ಎಂದ ಹಿರಿಯ. “ಒಂದಿನ ಇರಲಿ ಬಿಡು. ಅತ್ತಿಗೂ ಹಬ್ಬ.”

ಗದಗ, ಇಳಕಲ್ಲು, ರಾಣೆಬೆನ್ನೂರು, ಎಲ್ಲ ಕಡೆಯ ಲಾರಿ ಅಡ್ಡೆಗಳಲ್ಲೂ ಅದೇ ಭಕ್ತಿ, ಅದೇ ಮರೆವು.

ಧಾರವಾಡದ ಹೊರವಲಯದ ತಣ್ಣನೆಯ ಹಾಲೊಂದರಲ್ಲಿ ಆ ಪೆಟ್ಟಿಗೆಗಳ ನಿಗಾ ಕೇಂದ್ರವಿತ್ತು. ಪೆಟ್ಟಿಗೆ ಮಾಡುವ ಕಂಪನಿಯೇ ಅದನ್ನೂ ನಡೆಸುತ್ತಿತ್ತು. ಅಲ್ಲಿ ಅಂಕ ನೋಡುವ ಕೆಲಸದ ಅನಘಾ ಜಮಖಂಡಿ ದಶಮಿಯ ಸಂಜೆ ಮೇಲಧಿಕಾರಿ ಸರದೇಶಪಾಂಡೆಯವರ ಮುಂದೆ ನಿಂತಿದ್ದಳು.

“ಸರ್, ನಾಲ್ಕುನೂರಾ ಹನ್ನೆರಡು ಮಂದಿ ನಿಂತ ಗಾಡಿಯೊಳಗ ಮೂವತ್ನಾಲ್ಕು ತಾಸು ಸ್ಟೇರಿಂಗ್ ಹಿಡಕೊಂಡು ಕೂತಾರ. ಒಬ್ಬರಿಗೂ ದಣಿವಾಗಿಲ್ಲ. ಒಬ್ಬರೂ ಎದ್ದಿಲ್ಲ.”

“ಹಬ್ಬ ಅಲ್ಲೇನು, ಉಮೇದಿ ಇರ್ತದ.”

“ಮೂರು ತಾಸಿಗೊಮ್ಮೆ ಎಲ್ಲಾರ ನಾಡಿನೂ ಎರಡು ಸಲ ಜಿಗೀತಾವ ಸರ್, ಒಂದ ನಮೂನಿ. ಒಂದರ ಮ್ಯಾಲೆ ಒಂದು ಇಟ್ಟು ನೋಡಿದೆ. ಇದು ನಾಲ್ಕುನೂರು ಮಂದಿ ನಾಡಿ ಅಲ್ಲ. ಒಬ್ಬಾಂವಂದು.”

ಸರದೇಶಪಾಂಡೆ ಕನ್ನಡಕ ತೆಗೆದು ಒರೆಸಿದರು. ಅವರು ದಡ್ಡರಲ್ಲ, ಅದೇ ತೊಂದರೆ. “ಮೋಸ ಆಗೇದ ಅಂತ ನಾವು ಬರದ್ವಿ ಅಂದ್ರ, ನಮ್ಮ ಪೆಟ್ಟಿಗಿಗೆ ಮೋಸ ಮಾಡಬಹುದು ಅಂತ ನಾವ ಬರಕೊಟ್ಟಂಗ. ಮುಂದಿನ ತಿಂಗಳು ಬ್ಯಾರೆ ಮೂರು ರಾಜ್ಯದಾವ್ರು ನೋಡಾಕ ಬರಾವ್ರು ಇದ್ದಾರ.”

“ಆದ್ರ ಸರ್, ಈ ಅಂಕಿ ಎಲ್ಲಾ ಅಳತಿಗೋಲಿನೊಳಗ ಹೋಗ್ತಾವ.”

ಅಳತೆಗೋಲಿನ ವಿಷಯ ಇಷ್ಟು: ಮನುಷ್ಯ ಎಷ್ಟು ಹೊತ್ತಿಗೆ ದಣಿಯುತ್ತಾನೆ ಎಂಬುದನ್ನು ಯಂತ್ರ ಮೂರು ತಿಂಗಳಿಗೊಮ್ಮೆ ತನಗೆ ಬಂದ ಎಲ್ಲ ನಾಡಿಗಳನ್ನೂ ನೋಡಿ ತಾನೇ ತಿದ್ದಿಕೊಳ್ಳುತ್ತಿತ್ತು, ಚಾಲಕರ ಪಾಳಿಯ ಗಂಟೆ ಅದರಿಂದಲೇ ನಿಗದಿಯಾಗುತ್ತಿತ್ತು.

“ಹೋಗಲಿ,” ಎಂದರು ಸರದೇಶಪಾಂಡೆ. “ತಾನ ಕಲೀತದ ಅಂತ ನಾವ ಜಾಹೀರಾತು ಕೊಟ್ಟೇವಿ. ಕಲೀಲಿ. ನಿಮ್ಮ ಕಾಂಟ್ರ್ಯಾಕ್ಟ್ ಯಾವಾಗ ಮುಗೀತದ, ಅನಘಾ?”

“ಡಿಸೆಂಬರಿಗೆ, ಸರ್.”

“ಹಂ.”

ಅನಘಾ ತನ್ನ ವರದಿಯನ್ನು ಕಂಪ್ಯೂಟರಿನಲ್ಲಿ ‘ನಂತರ’ ಎಂಬ ಕಡತದೊಳಗೆ ಇಟ್ಟಳು.

ಯಂತ್ರ ಕಲಿತದ್ದು ಇದು: ಉತ್ತಮ ಚಾಲಕ ಮೂವತ್ನಾಲ್ಕು ಗಂಟೆ ಕೂತರೂ ದಣಿಯುವುದಿಲ್ಲ, ಆದ್ದರಿಂದ ಸಾಧಾರಣ ಚಾಲಕನಿಗೆ ಹದಿನಾರು ಗಂಟೆ ಹೆಚ್ಚಲ್ಲ. ಒಂಬತ್ತು ಗಂಟೆಯಿದ್ದ ಪಾಳಿ ಹೊಸ ವರ್ಷಕ್ಕೆ ಹದಿನಾರಾಯಿತು. ಬೋರ್ಡು ಹಾಕಿಸಿಕೊಳ್ಳದ ಪ್ರಾಮಾಣಿಕರು ಮೊದಲು ಉದುರಿದರು. ಗುರುಪಾದನ ನಾಡಿಗೆ ಹೋಲಿಸುವ ಹೊಸ ಅಳತೆಯಲ್ಲಿ ಅವರು ಮನೆಯಿಂದ ಹೊರಡುವಾಗಲೇ ದಣಿದವರಾಗಿದ್ದರು. ಉಳಿದವರು ಫಕ್ಕೀರಪ್ಪನ ಶೆಡ್ಡಿನ ಮುಂದೆ ಸಾಲು ನಿಂತರು. ಜೀವನದಲ್ಲಿ ಒಂದು ಮೂಟೆ ಎತ್ತದ ಮನುಷ್ಯನ ನಾಡಿ ಹೀಗೆ ದುಡಿಯುವವರೆಲ್ಲರ ಕಾನೂನಾಯಿತು.

ಮಾರ್ಚಿನ ಒಂದು ಮಧ್ಯಾಹ್ನ ದಾವಲಸಾಬ ರೊಟ್ಟಿ ಮುರಿದು ಪಲ್ಯಕ್ಕೆ ಅದ್ದಿದ ಕೈ ಹಾಗೆಯೇ ನಿಂತಿತು. ಕಣ್ಣು ತೆರೆದೇ ಇತ್ತು. ಮಾಬುಬಿ ಎರಡು ಸಲ ಕರೆದಳು.

“ನಿದ್ದಿ ಹತ್ತಿತೇನ್ರೀ?”

“ಇಲ್ಲ. ಯಲ್ಲಾಪುರದಾಗ ಇದ್ದೆ.”

“ಅಂದ್ರ?”

ಅವನು ರೊಟ್ಟಿ ಕೆಳಗಿಟ್ಟ. “ಮೊನ್ನಿ ಯಲ್ಲಾಪುರದಾಗ ಹೊಕ್ಕಮ್ಯಾಲೆ ನೋಡತೇನಿ, ಕಲಘಟಗಿ ಹ್ಯಾಂಗ ದಾಟಿದ್ನಿ ಅನ್ನೂದ ನೆನಪಿಲ್ಲ. ಸಂತಿ ದಿನ. ಮಂದಿ ಇರಬೇಕು, ದನ ಇರಬೇಕು. ಒಂದೂ ನೆನಪಿಲ್ಲ. ಗಾಡಿ ಸುತ್ತ ತಿರುಗಿ ನೋಡಿದೆ, ಎಲ್ಲೆರ ರಕ್ತ ಐತೇನ ಅಂತ.”

ಮಾಬುಬಿ ತಾಟನ್ನು ಪಕ್ಕಕ್ಕೆ ಸರಿಸಿದಳು. ಆಮೇಲೆ, “ಆ ಕಮ್ಮಾರನ ಕಡೆ ಹೋಗಿ ಅದನ್ನ ತಗಸಿ ಬರ್ರಿ,” ಎಂದಳು. “ನಿಮ್ಮ ಎದಿ ನಿಮ್ಮ ಕಡೇನ ಇರಲಿ.”

ಫಕ್ಕೀರಪ್ಪ ತೆಗೆಯಲು ಒಪ್ಪಲಿಲ್ಲ. “ಈಗಿನ ಅಳತಿಗೆ ಒಂದು ತಾಸಿನ್ಯಾಗ ಒದರತಾಳ ಚಾಚಾ. ಮೂರನೇ ಸಲ ಅದು. ಪಟ್ಟಿಗೆ ಹೊಕ್ಕೀರಿ.” ಆದರೆ ಆ ಕಲಘಟಗಿಯ ಮಾತು ಕೇಳಿದ ಮೇಲೆ ಹಾಗೇ ಕಳಿಸಲು ಅವನಿಗೂ ಮನಸ್ಸಾಗಲಿಲ್ಲ. ಡ್ಯಾಶ್‌ಬೋರ್ಡು ಮತ್ತೆ ಬಿಚ್ಚಿದ. ದಾವಲಸಾಬನ ನಿಜವಾದ ನಾಡಿ ಬೋರ್ಡಿನವರೆಗೆ ಬಂದು ಉಪಯೋಗವಿಲ್ಲದೆ ನಿಲ್ಲುತ್ತಿತ್ತಲ್ಲ, ಅದಕ್ಕೆ ಇನ್ನೊಂದು ಚಿಪ್ಪು ಸೇರಿಸಿ ಮೊದಲಿನ ಅಳತೆಯನ್ನೇ ಬರೆದ. ಜೋಳದ ಕಾಳಿನಷ್ಟಿರುವ ಕೆಂಪು ದೀಪವೊಂದನ್ನು ಮೀಟರಿನ ಪಕ್ಕ ಹಾಕಿದ.

“ಇದು ಹತ್ತಿದ್ರ ನೀವು ಖರೇನ ದಣದೀರಿ ಅಂತ ತಿಳಕೋರಿ.”

“ತಿಳಕೊಂಡು?”

ಫಕ್ಕೀರಪ್ಪ ಸ್ಕ್ರೂ ಬಿಗಿಯುತ್ತ ಕೂತ. ಸಮಿತಿ, ಕಾನೂನು, ಕಂಪನಿ ಸೇರಿ ಯಾವ ಕೆಲಸಕ್ಕೆಂದು ಆ ಪೆಟ್ಟಿಗೆ ತಂದಿದ್ದರೋ ಆ ಕೆಲಸವನ್ನು ಈಗ ಕದ್ದು ಕೂತ ಒಂದು ಕಾಳು ದೀಪ ಮಾಡಬೇಕಾಗಿತ್ತು.

ನಾಲ್ಕನೆಯ ದಿನ ಸಕ್ಕರೆ ಮೂಟೆ ಹೇರಿದ ಲಾರಿ ಬೆಳಿಗ್ಗೆ ಹನ್ನೊಂದಕ್ಕೆ ಅರಬೈಲು ಘಟ್ಟದ ತಲೆಗೆ ಬಂತು. ಕಲಘಟಗಿಯಲ್ಲಿ ಹತ್ತಿದ ಕೆಂಪು ದೀಪ ಆರಿರಲಿಲ್ಲ. ಮುಂದೆ ಇಳಿಜಾರು, ತಿರುವಿನ ಮೇಲೆ ತಿರುವು. ಶಾಲಾ ಮಕ್ಕಳ ಪ್ರವಾಸದ ಬಸ್ಸೊಂದು ಅವನನ್ನು ದಾಟಿ ಇಳಿಯತೊಡಗಿತು, ಹಿಂದಿನ ಗಾಜಿನಿಂದ ಮಕ್ಕಳು ಕೈ ಬೀಸಿದರು. ದಾವಲಸಾಬ ಗಾಡಿಯನ್ನು ಪಕ್ಕಕ್ಕೆ ತೆಗೆದು, ಗಾಲಿಗೆ ಕಲ್ಲು ಕೊಟ್ಟು, ಮತ್ತೆ ಹತ್ತಿ ಸೀಟಿಗೆ ಒರಗಿದ.

ಹತ್ತು ನಿಮಿಷಕ್ಕೆ ಪೆಟ್ಟಿಗೆ ಜೇನಿನಂಥ ಹೆಣ್ಣುದನಿಯಲ್ಲಿ ಹೇಳಿತು: “ನೀವು ಉಲ್ಲಾಸದಿಂದಿದ್ದೀರಿ. ದಯವಿಟ್ಟು ಪ್ರಯಾಣ ಮುಂದುವರಿಸಿ.”

ಮೂರು ಸಲ ಹೇಳಿದ ಮೇಲೆ ಫೋನು ಬಂತು. ನಿಗಾ ಕೇಂದ್ರದಲ್ಲಿ ಅಂದು ಆ ದಾರಿಯನ್ನು ನೋಡುವ ಪಾಳಿ ಅನಘಾಳದು.

“ದಾವಲಸಾಬ್ರ, ಯಾಕ ನಿಂತೀರಿ?”

“ದಣಿವಾಗೇತ್ರಿ, ಅಕ್ಕಾರ.”

“ನಿಮ್ಮ ಅಂಕ ಹನ್ನೊಂದು ತೋರಸ್ತದಲ್ರೀ.”

“ಆ ಅಂಕ ನಂದಲ್…”

“ಈ ಕರೆ ರೆಕಾರ್ಡ್ ಆಗ್ತದ, ಕಾಕಾ,” ಎಂದಳು ಅನಘಾ, ಸ್ವಲ್ಪ ಜೋರಾಗಿ.

ಅವನು ತಡೆದ. ಮನುಷ್ಯರ ದನಿ ಅವನಿಗೆ ಇನ್ನೂ ಅರ್ಥವಾಗುತ್ತಿತ್ತು. “ಏನಿಲ್ರಿ. ಘಟ್ಟ ಇಳಿಯೂದಿಲ್ಲ ಅಂದೆ. ಹಿಂಗ ಇಳದ್ರ ನಾ ಒಬ್ಬನ ಹೋಗೂದಿಲ್ಲ, ಮುಂದಿನಾವ್ರನ್ನೂ ಕರಕೊಂಡು ಹೊಕ್ಕೇನಿ. ಎರಡು ತಾಸು ಮಲಕೊಂಡು ಹೊಂಡತೇನ್ರಿ.”

ಅನಘಾಳ ಪರದೆಯ ಮೇಲೆ ನಿಲುಗಡೆಗೆ ಕಾರಣ ತುಂಬುವ ನಾಲ್ಕು ಚೌಕಗಳಿದ್ದವು. ‘ಚಾಲಕನ ದಣಿವು’ ಒತ್ತಿದಳು. ಅಂಕ ಹನ್ನೊಂದಿರುವಾಗ ಅದು ಒತ್ತಿಸಿಕೊಳ್ಳಲಿಲ್ಲ. ‘ವಾಹನ ದೋಷ’ ಒತ್ತಿದಳು. ಎಂಜಿನ್ ಸರಿಯಿದೆ ಎಂದು ಪರದೆ ತಳ್ಳಿಹಾಕಿತು. ‘ರಸ್ತೆ ತಡೆ’ಯನ್ನು ಉಪಗ್ರಹ ಒಪ್ಪಲಿಲ್ಲ. ಉಳಿದದ್ದು ಒಂದೇ, ‘ಕೆಲಸಕ್ಕೆ ನಿರಾಕರಣೆ’. ಅವಳು ಬೆರಳು ಎತ್ತಿಕೊಂಡೇ ಕೂತಿದ್ದಳು. ಅರ್ಧ ನಿಮಿಷದ ಮೇಲೆ ಯಂತ್ರ ತಾನೇ ಅದನ್ನು ತುಂಬಿಕೊಂಡಿತು.

ವಾರದೊಳಗೆ ನೋಟೀಸು ಬಂತು. ಪೂರ್ಣ ಆರೋಗ್ಯವಂತನಾಗಿದ್ದೂ ಕೆಲಸಗಳ್ಳತನ ಮಾಡಿದ್ದರಿಂದ ಹೆಸರನ್ನು ಪಟ್ಟಿಗೆ ಏಕೆ ಸೇರಿಸಬಾರದು ಎಂದು ಕೇಳಲಾಗಿತ್ತು. ವಿಚಾರಣೆಯ ದಿನದವರೆಗೆ ತಪ್ಪದೆ ಕೆಲಸಕ್ಕೆ ಹಾಜರಾಗತಕ್ಕದ್ದು ಎಂದೂ ಇತ್ತು.

ಮಾಬುಬಿ ಹೊಸ ಅಂಗಿಗೆ ಇಸ್ತ್ರಿ ಹಾಕುತ್ತ ಹೇಳಿದಳು, “ಇದ್ದದ್ದು ಹೇಳಿಬಿಡ್ರಿ. ಪೆಟ್ಟಿಗ್ಯಾಗ ಇದ್ದದ್ದು ನನ್ನ ಎದಿ ಅಲ್ಲ ಅನ್ರಿ.”

“ಅಂದ್ರ ಫಕ್ಕೀರಪ್ಪ ಜೇಲಿಗೆ. ಮುಂಜಾನಿ ನಾಲ್ಕುನೂರು ಗಾಡಿ ಬಿಚ್ಚಿ ನೋಡ್ತಾರ. ಅಷ್ಟೂ ಮಂದಿ ಪಟ್ಟಿಗೆ.”

“ನೀವ ಒಬ್ರ ಹೋದ್ರ?”

“ಒಬ್ಬನ ಹೊಕ್ಕೇನಿ.”

ಅವಳು ಕಾಲರನ್ನು ಎರಡನೆಯ ಸಲ ಒತ್ತಿದಳು. “ಅಂಗಿ ಅರ ಛಲೋ ಇರಲಿ.”

ಆ ಅಂಗಿ ತೊಟ್ಟು ದಾವಲಸಾಬ ವಿಚಾರಣೆಯ ಹಿಂದಿನ ರಾತ್ರಿ ಕಾರವಾರಕ್ಕೆ ಹೋದ, ಹದಿನಾರು ಗಂಟೆಯ ಪಾಳಿ ಮುಗಿಸಿ, ಗಾಡಿಯನ್ನು ಅಡ್ಡೆಗೆ ಬಿಟ್ಟು, ನೇರ ವಿಚಾರಣೆಗೆ ಬಂದ. ಮಧ್ಯಾಹ್ನ ಮೂರು ಗಂಟೆ. ಕೋಣೆಯಲ್ಲಿ ವಿಚಾರಣಾಧಿಕಾರಿ, ಟೈಪು ಮಾಡುವ ಹೆಂಗಸೊಬ್ಬರು, ಕಂಪನಿಯ ಪರವಾಗಿ ದಾಖಲೆ ಓದಲು ಅನಘಾ. ಅವಳ ಕಾಂಟ್ರ್ಯಾಕ್ಟು ಒಂದು ವರ್ಷ ಮುಂದುವರಿದಿತ್ತು. ದಾವಲಸಾಬನಿಗೆ ಕುರ್ಚಿ ಕೊಟ್ಟರು. ಕುರ್ಚಿಗೆ ಕೈಗಳಿದ್ದವು, ಮೇಲೆ ಫ್ಯಾನಿತ್ತು.

ಅನಘಾ ಓದಿದಳು. ಹನ್ನೊಂದು ತಿಂಗಳಲ್ಲಿ ಈ ಚಾಲಕನ ಅಂಕ ಒಂದು ಸಲವೂ ಹನ್ನೆರಡು ದಾಟಿಲ್ಲ. ಹದಿನಾರು ಗಂಟೆಯ ಎಪ್ಪತ್ತಾರು ಪಾಳಿಗಳಲ್ಲಿ ಮೊದಲ ಗಂಟೆಗೂ ಕೊನೆಯ ಗಂಟೆಗೂ ವ್ಯತ್ಯಾಸವಿಲ್ಲ. ಅಧಿಕಾರಿ ಮೆಚ್ಚುಗೆಯಿಂದ ತಲೆದೂಗಿದರು. ತಮಗೆ ಸಕ್ಕರೆ ಕಾಯಿಲೆ, ಎರಡು ಮಹಡಿ ಹತ್ತಿದರೆ ಏದುಸಿರು ಎಂದು ಟೈಪಿಸ್ಟರ ಕಡೆ ತಿರುಗಿ ಹೇಳಿದರು. ದೇವರು ಇಂಥ ದೇಹ ಕೊಟ್ಟೂ ದುಡಿಯದವರನ್ನು ಏನೆನ್ನಬೇಕೋ ತಮಗೆ ತಿಳಿಯದು ಎಂದೂ ಹೇಳಿದರು.

“ನದಾಫ್, ನಿಮ್ಮ ಪರವಾಗಿ ಏನಾದರೂ ಹೇಳೂದು ಅದ ಏನು?”

ಉತ್ತರ ಬರಲಿಲ್ಲ. ಅನಘಾ ಕಾಗದದಿಂದ ತಲೆಯೆತ್ತಿದಳು. ದಾವಲಸಾಬನ ಗದ್ದ ಇಸ್ತ್ರಿಯ ಕಾಲರಿನ ಮೇಲೆ ಕೂತಿತ್ತು. ಬಾಯಿ ಸ್ವಲ್ಪ ತೆರೆದಿತ್ತು.

“ಸರ್,” ಎಂದಳು. “ಅವರಿಗೆ ನಿದ್ದಿ ಹತ್ತೇದ.”

ಅಧಿಕಾರಿ ಚಾಲಕನನ್ನು ನೋಡಿದರು, ಆಮೇಲೆ ಎದುರಿದ್ದ ದಾಖಲೆಯನ್ನು. ಎರಡರಲ್ಲಿ ಒಂದನ್ನು ನಂಬಬೇಕಾಗಿ ಬಂದಾಗ ಸಹಿ ಇದ್ದದ್ದನ್ನು ನಂಬುವುದು ಅವರ ಇಪ್ಪತ್ತು ವರ್ಷದ ರೂಢಿ.

“ಇವತ್ತಿನ ಅಂಕ ಎಷ್ಟು?”

ಅನಘಾ ಕಾಗದ ತಿರುವಿದಳು. ಆ ಅಂಕ ಇವನದಲ್ಲ ಎಂದು ಆಗ ಹೇಳಬಹುದಾಗಿತ್ತು. “ಒಂಬತ್ತು, ಸರ್,” ಎಂದಳು.

“ಮತ್ತ ನಿದ್ದಿ ಹ್ಯಾಂಗ ಬರತದ? ನಾಟಕ.” ಅಧಿಕಾರಿ ಟೈಪಿಸ್ಟರ ಕಡೆ ನೋಡಿದರು. “ಬರೀರಿ. ಅವಕಾಶ ಕೊಟ್ಟರೂ ಚಾಲಕನು ಮೌನ ವಹಿಸಿರುತ್ತಾನೆ. ಹೆಸರನ್ನು ಪಟ್ಟಿಗೆ ಸೇರಿಸಲು ಆದೇಶಿಸಿದೆ.”

ಆ ಹೆಂಗಸು ಕುರ್ಚಿಯ ಕಡೆ ಒಮ್ಮೆ ನೋಡಿ, ಕೀಲಿಗಳ ಸದ್ದಾಗದ ಹಾಗೆ, ಒಂದೊಂದೇ ಅಕ್ಷರವನ್ನು ಮೆಲ್ಲಗೆ ಒತ್ತತೊಡಗಿದರು.